ನಳಿಗೆಯ ಮೇಲಿನ ಚುಕ್ಕೆ

"ಮುಟ್ಟಿಬಿಟ್ಟೆಯಲ್ಲೇ... ಕುಲುಮೆ ಕೈಯಿಂದ ಅದನ್ನ ಮುಟ್ಟಿಬಿಟ್ಟೆಯಲ್ಲೇ!"

ಯಾಮ್ನಾಳ ಕೂಗಿಗೆ ಅಂಗಳದ ಕೋಳಿಗಳೂ ಚದುರಿದವು. ಚಾಪೆಯ ಮೇಲೆ ಮನೆತನದ ಬಂದೂಕು ಅಂಗಾಂಗ ಬೇರೆಯಾಗಿ ಮಲಗಿತ್ತು. ಒಳಗೆ ಸುರುಳಿ ಗೀರುಗಳಿದ್ದ ಆಳೆತ್ತರದ ನಳಿಗೆ ಒಂದೆಡೆ, ಅಕ್ರೋಟು ಮರದ ಹಿಡಿ ಇನ್ನೊಂದೆಡೆ, ಕಳಚಿಟ್ಟ ಬೆಳ್ಳಿಪಟ್ಟಿಗಳು ಅವುಗಳ ನಡುವೆ. ಸೊಸೆ ತೂದಾ ಬೆರಳೆಲ್ಲ ಮಸಿಯಾಗಿ, ತಲೆಯೆತ್ತದೆ ಕುಳಿತಿದ್ದಳು.

ನಳಿಗೆಯ ಬಾಯಿಯಿಂದ ಮದ್ದು ಗಟ್ಟಿಸಿ ಹಾರಿಸುವ ಆ ಹಳೆಯ ಬಂದೂಕು ಯಾಮ್ನಾಳ ವೈಧವ್ಯಕ್ಕೆ ಉಳಿದಿದ್ದ ಏಕೈಕ ಆಭರಣ. ನಳಿಗೆಯ ಮೇಲೆ 'ಅಮಲ್ ಫಾಸ್', ಅಂದರೆ ಫಾಸ್ ನಗರದ ಕೆಲಸ ಎಂಬ ಬರಹವಿದೆಯೆಂದು ಆಕೆಯ ಗಂಡ ಓದಿ ಹೇಳಿದ್ದ. ಸುಲ್ತಾನರ ಕಾರ್ಖಾನೆಯಿಂದಲೇ ಬಂದದ್ದೆಂದು ನಲವತ್ತು ವರ್ಷ ಏಳೂರಿನಲ್ಲಿ ಸಾರಿದ್ದಳು. ಅಂಥ ಮನೆಗೆ ಮಗ ಹಮ್ಮೂ ತಂದದ್ದು ತಿಫರ್ಕಾ ಊರಿನ ಕಮ್ಮಾರನ ಮಗಳನ್ನು! ಮೂರು ವರ್ಷಗಳಿಂದ ಯಾಮ್ನಾ ಈ ಸೊಸೆ ನಾದಿದ ರೊಟ್ಟಿಯನ್ನು ಬಾಯಿಗಿಟ್ಟವಳಲ್ಲ.

"ಅಮ್ಮಾ, ನಾಡಿದ್ದು ಸವಾರರ ಮದ್ದಿನಾಟ, ಕುದುರೆ ಮೇಲಿಂದ ಬಂದೂಕು ಹಾರಿಸಬೇಕು," ಹಮ್ಮೂ ಅಂಗಲಾಚಿದ. "ಸ್ಪ್ರಿಂಗ್ ಮುರಿದಿತ್ತು. ಸಂತೆಯ ರಿಪೇರಿಯವನು ಆಗಲ್ಲ ಅಂದ. ಇವಳು ಅರದಿಂದ ಉಜ್ಜಿ ಹೊಸದು ಕೂರಿಸಿದಳು, ಅಷ್ಟೇ."

"ಸುಲ್ತಾನರ ಉಸ್ತಾದರು ಮಾಡಿದ್ದನ್ನ ಇವಳು ಸರಿಮಾಡ್ತಾಳಾ? ನಾಳೆ ಚಂದ್ರನಿಗೂ ಕಲಾಯಿ ಹಾಕ್ತಾಳೆ! ಮಸೀದಿಯ ಫಕೀಹರನ್ನ ಕರೆಸಿದ್ದೀನಿ. ಅವರೆದುರಿಗೆ ಇವಳಿಗೆ ತಲಾಖ್ ಹೇಳು. ಇಲ್ಲ ಅಂದ್ರೆ ನನ್ನ ಗಂಟು ಕಟ್ಟಿಕೊಡು, ನಾನೇ ಹೋಗ್ತೀನಿ!"

ಹಮ್ಮೂ ಗೋಡೆಗೊರಗಿ ಮುಖ ಮುಚ್ಚಿಕೊಂಡ. ಹೆತ್ತವಳು ಒಂದೆಡೆ, ಕೈಹಿಡಿದವಳು ಮತ್ತೊಂದೆಡೆ... ಯಾರನ್ನು ಬಿಟ್ಟು ಯಾರನ್ನು ಉಳಿಸಿಕೊಳ್ಳಬೇಕು?

ಮಸೀದಿಯಲ್ಲಿ ಮಕ್ಕಳಿಗೆ ಮರದ ಹಲಗೆಯ ಮೇಲೆ ಪವಿತ್ರ ವಚನಗಳನ್ನು ಬರೆಸುತ್ತಿದ್ದ ವೃದ್ಧ ಫಕೀಹ ಸೀದಿ ಬಿಹಿ ಬಂದು, ಎಲ್ಲವನ್ನೂ ಆಲಿಸಿ, ಪುದೀನ ಚಹಾವನ್ನು ಗುಟುಕರಿಸಿದರು.

"ಮಗಾ, ತಲಾಖ್ ಅನ್ನೋದು ಹಾರಿದ ಗುಂಡು. ವಾಪಸು ಬರಲ್ಲ. ಮೊದಲು ಆ ನಳಿಗೆ ಕೊಡು, ಏನು ಕೆಟ್ಟಿದೆ ನೋಡೋಣ."

ಅದನ್ನು ತೊಡೆಯ ಮೇಲಿರಿಸಿ ಅಂಗಿಯ ತೋಳಿನಿಂದ ಒರೆಸಿದರು. ತುಟಿಗಳು ಅಲುಗಿದವು; ಮತ್ತೊಮ್ಮೆ ಓದಿದರು.

"ಯಾಮ್ನಾ, ಇದನ್ನ ಫಾಸ್ ಅಂತ ಓದಿದ್ದು ಯಾರು?"

"ನಮ್ಮನೆಯವರು. ಪಟ್ಟಣದ ಶಾಲೇಲಿ ಅಚ್ಚಿನ ಪುಸ್ತಕ ಓದಿದ್ದೋರು!"

"ಅಲ್ಲೇ ಎಡವಿದ್ದಾನೆ. ಅರಬ್ಬಿ ಅಚ್ಚಿನಲ್ಲಿ ಈ ಅಕ್ಷರದ ಮೇಲೆ ಒಂದು ಚುಕ್ಕೆ ಇದ್ರೆ ಅದು 'ಫ'. ನಮ್ಮ ಹಿರಿಯರ ಕೈಬರಹದಲ್ಲಿ 'ಫ'ದ ಚುಕ್ಕೆ ಕೆಳಗಿರುತ್ತೆ. ಮೇಲೆ ಒಂದೇ ಚುಕ್ಕೆ ಇದ್ರೆ ಅದು 'ಕ'. ಮುಂದಿನ ಅಕ್ಷರಗಳು ಬೆಳ್ಳಿಪಟ್ಟಿಯ ಕೆಳಗೆ ಅಡಗಿದ್ದವು. ಈಗ ಪೂರ್ತಿ ಕಾಣ್ತಿದೆ. ಅಮಲ್ ಕಾಸಿಂ, ತಿಫರ್ಕಾ. ನೋಡು, ತಿಫರ್ಕಾದ 'ಫ'ಕ್ಕೆ ಚುಕ್ಕೆ ಕೆಳಗೇ ಇದೆ. ಇದು ಫಾಸ್ ಅಲ್ಲಮ್ಮಾ... ತಿಫರ್ಕಾದ ಕಾಸಿಂ ಮಾಡಿದ ಬಂದೂಕು."

ಯಾಮ್ನಾ ನಳಿಗೆಯತ್ತ ಬಾಗಿದಳು.

"ತಿಫರ್ಕಾ... ಅದು ಇವಳ ತವರಲ್ವಾ?" ಯಾಮ್ನಾಳ ಸ್ವರ ಕುಗ್ಗಿತು. "ಆ ಕಾಸಿಂ ಯಾರೇ?"

"ನಮ್ಮಪ್ಪನ ಮುತ್ತಜ್ಜ, ಅತ್ತೆಮ್ಮಾ."

"ನಿನಗೆ ಗೊತ್ತಿತ್ತಾ?"

"ನನಗೆ ಓದು ಬರಲ್ಲ. ಹೆಸರಿನ ಪಕ್ಕ ಒತ್ತಿದ ಮುದ್ರೆ ಗೊತ್ತು. ನಮ್ಮಪ್ಪ ಇವತ್ತಿಗೂ ಕುಡುಗೋಲಿಗೆ ಅದನ್ನೇ ಒತ್ತೋದು. ಪಟ್ಟಿ ಕಳಚಿದ ಕೂಡಲೇ ಕಂಡಿತು..."

"ಹಾಗಿದ್ರೆ ಬಾಯಿ ಯಾಕೆ ಬಿಡಲಿಲ್ಲ? ಬೆಳಗಿನಿಂದ ನಾನು ನಿನ್ನ ಏಳು ತಲೆಮಾರು ಜಾಲಾಡಿದ್ದೀನಲ್ಲೇ!"

ತೂದಾಳ ಕಣ್ಣು ತುಂಬಿತು. "ಪಟ್ಟಿ ಮತ್ತೆ ಹಾಕಿಬಿಡೋಣ ಅಂತಿದ್ದೆ. ಮಾವನವರು ಓದಿದ್ದು ಸುಳ್ಳಾಗಬಾರದು... ನೀವು ತಲೆಯೆತ್ತಿ ಹೇಳಿದ ಮಾತು ಏಳೂರಲ್ಲಿ ಬಿದ್ದುಹೋಗಬಾರದು... ನಾನು ಹೊರಗಿನವಳು, ಹೋದ್ರೆ ಹೋದೆ!"

ಅಹಂಕಾರದ ಕೋಟೆಯನ್ನು ಕೆಡಹಲು ಫಿರಂಗಿ ಬೇಕಿಲ್ಲ. ಕರುಣಾಮಯನಾದ ದೇವನು ಇಚ್ಛಿಸಿದರೆ ಒಂದು ಚುಕ್ಕೆ ಸಾಕು. ಯಾಮ್ನಾ ಬಹುಹೊತ್ತು ಆ ಚುಕ್ಕೆಯನ್ನೇ ದಿಟ್ಟಿಸಿದಳು. ಬಳಿಕ ಮೊಣಕಾಲೂರಿ ಕುಳಿತು, ಸೊಸೆಯ ಮಸಿಗೈಯನ್ನು ಎರಡೂ ಕೈಗಳಲ್ಲಿ ಹಿಡಿದು ಬಿಕ್ಕಿದಳು.

"ನಲವತ್ತು ವರ್ಷ... ದೇವರೇ, ನಲವತ್ತು ವರ್ಷ ಸುಳ್ಳು ಹೇಳಿದ್ದೀನಲ್ಲೋ!"

"ತಿಳಿಯದೆ ಹೇಳಿದ್ದು ಸುಳ್ಳಲ್ಲ, ತಪ್ಪು," ಎಂದರು ಫಕೀಹರು. "ತಿದ್ದಿದ್ರೆ ಸಾಕು."

"ಏಳು ಊರು ತಿದ್ದಬೇಕಲ್ಲ ಗುರುಗಳೇ! ಈ ಮೊಣಕಾಲಲ್ಲಿ!" ಅಳುವಿನ ನಡುವೆಯೇ ಆಕೆ ನಕ್ಕಳು. ಕಣ್ಣೊರೆಸಿಕೊಂಡು ಎದ್ದಳು. "ಹಮ್ಮೂ, ಗೋಡೆ ಬಿಟ್ಟು ಈಚೆ ಬಾ, ಅದೇನೂ ಬೀಳಲ್ಲ. ಕತ್ತೆಗೆ ಜೀನು ಹಾಕು. ಮೊದಲು ತಿಫರ್ಕಾಗೆ. ನಿನ್ನ ಮಾವನಿಗೆ ನಾನೇ ಹೇಳಬೇಕು."

"ಬಂದೂಕು ಜೋಡಿಸಬೇಕಲ್ಲ, ಅತ್ತೆಮ್ಮಾ..." ತೂದಾ ನೀರಿನ ಹೂಜಿಯತ್ತ ತಿರುಗಿದಳು.

"ಸಂಜೆ ಬಂದು ಜೋಡಿಸುವೆಯಂತೆ. ಕೈ ತೊಳೀಬೇಡ, ಹಾಗೇ ಬಾ."

ಮೂರು ವರ್ಷಗಳಲ್ಲಿ ಬೀಗರ ಹೊಸ್ತಿಲನ್ನು ಒಮ್ಮೆಯೂ ತುಳಿಯದಿದ್ದ ಆ ಮುದುಕಿ, ಸೊಸೆಯ ಹೆಗಲ ಮೇಲೆ ಭಾರವಿಟ್ಟು ಅಂಗಳ ದಾಟಿದಳು.