ಕಾರು ಸರಿ ಇರುವಾಗ

"ಬಾನೆಟ್ ಎತ್ತಿ."

ಬೈಕಿನಿಂದ ಇಳಿದ ಯಜ್ಞೇಶ ಹೇಳಿದ್ದು ಅಷ್ಟೇ. ಮುಖದಲ್ಲಿ ನಗುವಿಲ್ಲ.

ಅರ್ಪಣಾ ಅವನ ಕಣ್ಣು ತಪ್ಪಿಸಿ ಬಾನೆಟ್ ಎತ್ತಿದಳು. ಹೋದ ವಾರ ಕೊಪ್ಪದಲ್ಲಿ, ಇವನ ಬ್ಯಾಟರಿ ಅಂಗಡಿಯೆದುರು, ಹತ್ತು ಜನ ಕೇಳುವಂತೆ, ಹಳೇ ಬ್ಯಾಟರಿಗೆ ಹೊಸ ಸ್ಟಿಕ್ಕರ್ ಅಂಟಿಸಿ ಮಾರುತ್ತೀರಿ ಎಂದು ಕೂಗಿದವಳು ಅವಳೇ. ಮೂರು ತಿಂಗಳಲ್ಲಿ ಎರಡು ಬ್ಯಾಟರಿ ಕೆಟ್ಟಿದ್ದವು. ಅವನು ತುಟಿಪಿಟಕ್ಕೆನ್ನದೆ ಮೂರನೆಯದನ್ನು ಕೂರಿಸಿಕೊಟ್ಟಿದ್ದ. ಆಮೇಲೆ ಅವನು ಮಾಡಿದ ಒಂದು ಕರೆಯನ್ನೂ ಅವಳು ಎತ್ತಿರಲಿಲ್ಲ.

ತಪ್ಪು ಮಾಡಿದವನ ಮೇಲೆ ಸಿಟ್ಟು ಬರಬೇಕು... ನನಗ್ಯಾಕೆ ಅಳು ಬರುತ್ತದೆ?

ಈಗ ಶೆಟ್ಟಿಕೊಪ್ಪ ದಾಟಿದ ತಿರುವಿನಲ್ಲಿ ಮೂರನೆಯದೂ ಸತ್ತಿತ್ತು. ಬೇರೆ ದಾರಿ ಕಾಣದೆ ಅವಳೇ ಅವನಿಗೆ ಕರೆ ಮಾಡಿದ್ದಳು. ಅವಳು ಓಡಿಸುವ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮುತ್ತಿನಕೊಪ್ಪದ ಜಲಜಮ್ಮ, ಊದಿದ ಕಾಲು ಚಾಚಿ ಏದುಸಿರು ಬಿಡುತ್ತಿದ್ದರು. ಹತ್ತೂವರೆಗೆ ಕೊಪ್ಪದಲ್ಲಿ ಅವರ ಡಯಾಲಿಸಿಸ್. ತಪ್ಪಿದರೆ ನಾಳೆ. ನಾಳೆಯವರೆಗೆ ತಡೆದಾರೇ?

ಕೊಳೆತ ಮೊಟ್ಟೆಯಂಥ ವಾಸನೆ. ಉಬ್ಬಿದ ಬ್ಯಾಟರಿಯನ್ನು ಕಿತ್ತಿಟ್ಟು, ತಾನು ತಂದದ್ದನ್ನು ಜೋಡಿಸಿ, ಸ್ಟಾರ್ಟ್ ಮಾಡಿಸಿ, ಯಜ್ಞೇಶ ಮೀಟರ್ ಹಿಡಿದ. ಹದಿನಾಲ್ಕರ ಆಸುಪಾಸಿನಲ್ಲಿರಬೇಕಾದ ವೋಲ್ಟೇಜು ಹದಿನಾರೂವರೆ!

ಚಾರ್ಜಿಂಗ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಯಾವ ಬ್ಯಾಟರಿ ಹಾಕಿದರೂ ಕುದ್ದು ಸಾಯುತ್ತದೆ ಎಂದ. ಇಂಜಿನ್ ಆರಿಸಿ, ಜೇಬಿನಿಂದ ಹೊಸದೊಂದನ್ನು ತೆಗೆದ. ಅವಳು ಕೂಗಾಡಿದ ದಿನವೇ ಶಿವಮೊಗ್ಗಕ್ಕೆ ಹೇಳಿ ತರಿಸಿದ್ದಂತೆ. ಕರೆಗಳೆಲ್ಲ ಅದಕ್ಕೇ.

ಇಪ್ಪತ್ತು ನಿಮಿಷ. ಇಂಜಿನ್ ಮತ್ತೆ ಗುರ್ರೆಂದಿತು. ಅರ್ಪಣಾ ಅಭ್ಯಾಸಬಲದಿಂದ ಸ್ಪ್ಯಾನರ್ ಹಿಡಿದು ಬ್ಯಾಟರಿಯತ್ತ ಬಾಗಿದಳು. ಓಡುವ ಇಂಜಿನ್ನಿನಲ್ಲೇ ಬ್ಯಾಟರಿಯ ವೈರು ಕಳಚಬೇಕು. ಇಂಜಿನ್ ಆರದಿದ್ದರೆ ಚಾರ್ಜಿಂಗ್ ಸರಿಯಿದೆ ಎಂದರ್ಥ. ಅಪ್ಪ ತಮ್ಮ ಹಳೇ ಜೀಪಿನಲ್ಲಿ ಕಲಿಸಿದ ಪರೀಕ್ಷೆ.

ಯಜ್ಞೇಶ ಅವಳ ಮಣಿಕಟ್ಟು ಹಿಡಿದ.

"ಬೇಡ."

ಅವಳಿಗೆ ತಟ್ಟನೆ ಹೊಳೆಯಿತು.

"ರೆಗ್ಯುಲೇಟರ್ ಸುಟ್ಟಿದ್ದು... ನಾನೇ?"

"ಆ ಜೀಪಿಗೆ ನಡೀತಿತ್ತು. ಓಡುವಾಗ ವೈರು ಕಳಚಿದ್ರೆ ವೋಲ್ಟೇಜ್ ಏರುತ್ತೆ, ಈ ಕಾರು ತಡೆಯೋದಿಲ್ಲ."

"ಅವತ್ತೇ ಹೇಳಬಹುದಿತ್ತಲ್ಲ!"

ಅವನು ಮೀಟರಿನ ವೈರು ಸುತ್ತತೊಡಗಿದ. "ಬೈಯುವಾಗಲೂ 'ಅಪ್ಪ ಕಲಿಸಿದ ಹಾಗೇ ದಿನಾ ನೋಡ್ತೇನೆ' ಅಂದ್ರಿ. ಅವರು ಹೋಗಿ ವರ್ಷ ಆಗಿಲ್ಲ. ಅಷ್ಟು ಜನರೆದುರು ಅವರದ್ದು ತಪ್ಪು ಅನ್ನೋದು ಹೇಗೆ? ಬೈಸಿಕೊಳ್ಳೋದೇ ಸುಲಭ ಅನಿಸ್ತು."

ಅರ್ಪಣಾಳ ಕಣ್ಣು ತುಂಬಿತು.

"ನನ್ನ ಕಿಡ್ನಿ ಮೊದಲೇ ಹೋಗಿದೆ ಮಾರಾಯ," ಕಿಟಕಿಯಿಂದ ಜಲಜಮ್ಮ ಗೊಣಗಿದರು, "ನಿಮ್ಮದೆಲ್ಲ ಸಂಜೆಗೆ ಇಟ್ಟುಕೊಳ್ಳಿ."

ಅರ್ಪಣಾ ಸ್ಟೀರಿಂಗ್ ಹಿಡಿದಳು. "ಸಂಜೆ ಅಂಗಡಿಗೆ ಬರ್ತೇನೆ. ಜನರೆದುರು ಆಡಿದ ಮಾತು ಜನರೆದುರೇ ವಾಪಸ್ ತಗೋಬೇಕು."

"ಅದಕ್ಕಾದ್ರೆ ಬರೋದು ಬೇಡ."

"ಮತ್ತೆಂತಕ್ಕೆ ಬರಲಿ?"

ಅವನು ಮೆಲ್ಲನೆ ಬಾನೆಟ್ ಮುಚ್ಚಿದ. "ನೀವು ಬರೋದೆಲ್ಲ ಕಾರು ಕೆಟ್ಟಾಗಲೇ. ಸರಿ ಇರುವಾಗ ಒಂದಿನ... ಸುಮ್ಮನೆ ಬನ್ನಿ."

ಅವಳು ಗೇರ್ ಹಾಕಿದಳು.

"ಇವತ್ತು ಸರಿ ಇದೆಯಲ್ಲ."