ಮೊಹರು ಹಾಕಿದ ಕೋಣೆಯ ಮಾಂಸ

ಬಾಗಿಲಿನ ಮೊಹರು ಹಾಗೇ ಇತ್ತು. ಒಳಗಿದ್ದ ಮಾಂಸ ಮಾತ್ರ ಬೇರೆಯಾಗಿತ್ತು.

ಬಂದರಿನ ಶೀತಲಗೃಹದಲ್ಲಿ ಡಾಕ್ಟರಮ್ಮ ಒಂದೊಂದೇ ತುಂಡನ್ನು ಮಗುಚುವುದನ್ನು ಅವರ ಜೀಪಿನ ಡ್ರೈವರ್ ನೋಡುತ್ತ ನಿಂತಿದ್ದ. ಹೊರದೇಶದಿಂದ ಬರುವ ಮಾಂಸವನ್ನು ಪರೀಕ್ಷಿಸುವ ಪಶುವೈದ್ಯೆ ಅವರು. ಬಂದರಿನಲ್ಲಿ ಏನು ಕಳವಾದರೂ ಜನ ಪೊಲೀಸರಿಗಿಂತ ಮೊದಲು ಹುಡುಕುತ್ತಿದ್ದದ್ದು ಅವರನ್ನೇ. ರಜೆಗೆ ಮೊದಲು ಅವರು ಇಲ್ಲಿಡಿಸಿ ಮೊಹರು ಹಾಕಿಸಿದ್ದ ಮಾಂಸದಲ್ಲಿ ಮುಟ್ಟಿದವರಿಗೂ ತಗಲುವ ರೋಗಾಣುವಿತ್ತು. ಸುಡಿಸಲು ಬಂದು ನೋಡಿದರೆ, ಮಾದರಿಗೆಂದು ಅವರೇ ಕತ್ತರಿಸಿದ್ದ ಗುರುತು ಯಾವ ತುಂಡಿನಲ್ಲೂ ಇರಲಿಲ್ಲ. ಪೆಟ್ಟಿಗೆಗಳಲ್ಲಿದ್ದದ್ದು ಯಾವುದೋ ಅಗ್ಗದ ಮಾಂಸ.

ಡಾಕ್ಟರಮ್ಮ ಬಾಗಿಲಿನ ಕೀಲುಗಳಿಗೆ ಟಾರ್ಚು ಹಿಡಿದರು. ಬೋಲ್ಟುಗಳ ತಲೆ ಜಜ್ಜಿಹೋಗಿತ್ತು. ಮೊಹರು ಮುಟ್ಟದೆ ಯಾರೋ ಬಾಗಿಲನ್ನು ಕೀಲಿನ ಕಡೆಯಿಂದ ಕಳಚಿದ್ದರು. ಎಲ್ಲರ ಕಣ್ಣೂ ಶೀತಲಗೃಹದ ಮೆಕ್ಯಾನಿಕ್ ಮೇಲೆ ಬಿತ್ತು. ಅವನ ಮುಖ ಬಿಳಿಚಿಕೊಂಡಿತು. ರಜೆಯಲ್ಲಿ ಅಲಾರಂ ಕೂಗಲೇ ಇಲ್ಲವೆಂದು ಕಾವಲುಗಾರ ಆಣೆಯಿಟ್ಟ.

ಅಷ್ಟರಲ್ಲಿ ಶೀತಲಗೃಹದ ಮ್ಯಾನೇಜರ್ ಏದುಸಿರು ಬಿಡುತ್ತ ಬಂದ. ಅವನು ಡ್ರೈವರನ ತಂಗಿಯ ಗಂಡ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿಗೆ ಬುತ್ತಿ ಕೊಟ್ಟು ಬರುವಷ್ಟರಲ್ಲಿ ತಡವಾಯಿತೆಂದ. ಇಷ್ಟು ವರ್ಷಕ್ಕೆ ಭಾವನಿಗೆ ಹೆಂಡತಿ ಮೇಲೆ ಪ್ರೀತಿ ಉಕ್ಕಿತಲ್ಲ ಎಂದು ಡ್ರೈವರ್ ಒಳಗೊಳಗೇ ನಕ್ಕ. ತಂಗಿ ದಿನವೂ ಉಣ್ಣುತ್ತಿದ್ದದ್ದು ಆಸ್ಪತ್ರೆಯ ಅಡುಗೆಮನೆಯಲ್ಲೇ.

ಮ್ಯಾನೇಜರ್ ಸೊಂಟದ ಬೀಗದ ಕೈ ತೆಗೆದು ತನ್ನ ಕೋಣೆ ತೆರೆದ. ಡಾಕ್ಟರಮ್ಮ ಎಲ್ಲರನ್ನೂ ಅಲ್ಲೇ ಕೂರಿಸಿದರು.

"ಮೆಕ್ಯಾನಿಕ್ ಬಿಚ್ಚಿದ್ರೆ ಸರಿಯಾದ ಸ್ಪ್ಯಾನರ್ ಹಾಕ್ತಿದ್ದ, ಬೋಲ್ಟು ಜಜ್ಜಿಹೋಗ್ತಿರ್ಲಿಲ್ಲ. ಬಾಗಿಲು ಕಳಚಿಟ್ಟು ಅಷ್ಟು ಪೆಟ್ಟಿಗೆ ಬದಲಾಯಿಸೋ ಹೊತ್ತಿಗೆ ಚಳಿ ಇಳಿದು ಅಲಾರಂ ಕೂಗ್ಲೇಬೇಕು. ಅದನ್ನ ನಿಲ್ಲಿಸೋ ಗುಂಡಿ ಇರೋದು ಈ ಗೋಡೆ ಮೇಲೆ. ಈ ಕೋಣೆ ಬೀಗದ ಕೈ ಇರೋದು ನಿಮ್ಮೊಬ್ಬರ ಹತ್ರ, ಮ್ಯಾನೇಜರೇ. ಮಾಂಸ ಎಲ್ಲಿಗೆ ಹೋಯ್ತು?"

ಮ್ಯಾನೇಜರ್ ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡ. ಡ್ರೈವರನ ನಗು ಎಲ್ಲೋ ಹಾರಿಹೋಗಿತ್ತು. ಅವನು ಎದ್ದು ನಿಂತ.

"ಭಾವ, ಇವತ್ತು ಅವಳು ಆಸ್ಪತ್ರೆ ಊಟ ಮಾಡಬಾರ್ದು ಅಂತ ನಿಮಗೆ ಯಾಕನ್ನಿಸ್ತು?"

ಮ್ಯಾನೇಜರ್ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಡಾಕ್ಟರಮ್ಮನಿಗೆ ಅಷ್ಟೇ ಸಾಕಾಯಿತು. ತಂಗಿಗೆ ಫೋನ್ ಮಾಡಲು ಹೇಳಿದರು. ಮಾಂಸವನ್ನು ಯಾರೂ ಮುಟ್ಟಕೂಡದು, ಅಡುಗೆಮನೆಗೆ ಬೀಗ ಹಾಕಿಸು ಎಂದು ಡ್ರೈವರ್ ಒಂದೇ ಉಸಿರಿಗೆ ಹೇಳಿದ. ಆಕೆ ಓಡಿದ ಸದ್ದು ಕೇಳಿಸಿತು. ಆಮೇಲೆ ಬರೀ ಪಾತ್ರೆಗಳ ಸದ್ದು.

ಆಕೆ ಮತ್ತೆ ಫೋನಿಗೆ ಬಂದಾಗ ದನಿ ಉಡುಗಿಹೋಗಿತ್ತು. ಪೆಟ್ಟಿಗೆಗಳನ್ನು ಇನ್ನೂ ಒಡೆದಿರಲಿಲ್ಲವಂತೆ. ಡ್ರೈವರ್ ಕಣ್ಣೊರೆಸಿಕೊಂಡ.

"ಅಣ್ಣ," ಎಂದಳು ಆಕೆ, "ಇನ್ನೂರು ಜನ ರೋಗಿಗಳಿದಾರೆ ಇಲ್ಲಿ. ನಂಗೊಬ್ಬಳಿಗೇ ಬುತ್ತಿ ತಂದ್ರಾ ಅವರು?"

ಡ್ರೈವರ್ ಫೋನನ್ನು ಭಾವನ ಮುಂದೆ ಹಿಡಿದ.