ಕೂಗೋಕೆ ಒಂದು ಜಾಗ

ತಲೆ ತುಂಬ ಶಾಂಪೂ ನೊರೆ. ಪಟಾಕಿ ಎಂಬ ಹುಡುಗಿ ಒಂದು ಕಣ್ಣು ಮುಚ್ಚಿಕೊಂಡು ನಲ್ಲಿ ತಿರುಗಿಸಿದಳು. ನಲ್ಲಿ ಗೊರಗೊರ ಎಂದಿತು. ನಾಲ್ಕು ಹನಿ ಉದುರಿಸಿ ಸುಮ್ಮನಾಯಿತು.

"ಅಮ್ಮಾ, ನೀರು..." ಎಂದು ಬಾಯಿ ತೆರೆದಳಷ್ಟೇ. ಬಾಗಿಲ ಸಂದಿಯಿಂದ ಅಮ್ಮನ ಪಿಸುದನಿ ಬಂತು. "ಶ್, ಮೆಲ್ಲಗೆ. ಗೆಸ್ಟ್ ಮಲಗಿದ್ದಾರೆ."

"ಕಣ್ಣು ಉರೀತಿದೆ," ಎಂದು ಪಟಾಕಿಯೂ ಪಿಸುಗುಟ್ಟಿದಳು. ಪಿಸುದನಿಯಲ್ಲಿ ಸಿಟ್ಟು ಮಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು.

ಟ್ಯಾಂಕ್ ಖಾಲಿಯಂತೆ. ಮೂರನೇ ರೂಮಿನ ಆಂಟಿ ಮತ್ತೆ ನಲ್ಲಿ ಬಿಟ್ಟುಕೊಂಡು ಕೂತಿದ್ದಾರಂತೆ. ಬಂದಾಗಿನಿಂದ ದಿನಾ ಇದೇ ಕತೆ. ಅಪ್ಪ ಮೋಟಾರ್ ಹಾಕಿದ್ದಾನೆ, ಸ್ವಲ್ಪ ತಡಿ ಎಂದಳು ಅಮ್ಮ. ತಡೆದರೆ ಸ್ಕೂಲಿಗೆ ಲೇಟು. ಪಟಾಕಿ ನೊರೆಯನ್ನು ಟವಲಿನಿಂದ ಒರೆಸಿಕೊಂಡು ಹಲ್ಲು ಕಡಿಯುತ್ತ ಹೊರಗೆ ಬಂದಳು.

ಪಟಾಕಿ ಎನ್ನುವುದು ಅಪ್ಪ ಇಟ್ಟ ಹೆಸರು. ಸಿಟ್ಟು ಅವಳ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಆದರೆ ಸೀಸನ್ ಶುರುವಾಯಿತೆಂದರೆ ಈ ಪಟಾಕಿ ಸಿಡಿಯುವ ಹಾಗಿರಲಿಲ್ಲ.

ಅವರದು ಸಮುದ್ರದ ಊರು. ಮಳೆಗಾಲ ಮುಗಿದರೆ ಬಸ್ಸು ತುಂಬ, ರೈಲು ತುಂಬ ಜನ ಬಂದಿಳಿಯುವ ಊರು. ಪಟಾಕಿಯ ಮನೆಯ ಮಹಡಿಯಲ್ಲಿ ಮೂರು ರೂಮುಗಳಿದ್ದವು. ಮೂರೂ ಗೆಸ್ಟ್‌ಗಳಿಗೆ. ಸೀಸನ್ನಿನಲ್ಲಿ ಅದೂ ಸಾಲದೆ ಕೆಳಗಿನ ಬೆಡ್‌ರೂಮು ಗೆಸ್ಟ್‌ಗಳಿಗೆ. ಆಮೇಲೆ ಪಟಾಕಿಯ ಪುಟ್ಟ ರೂಮು, ಅದರ ಮಂಚ, ಟೇಬಲ್ಲು, ಟೇಬಲ್ಲಿನ ಮೇಲಿನ ಲ್ಯಾಂಪು, ಎಲ್ಲವೂ ಗೆಸ್ಟ್‌ಗಳಿಗೆ. ಮನೆಯವರು ಮೂವರು ಅಡುಗೆಮನೆ ಪಕ್ಕದ ಸ್ಟೋರ್ ರೂಮಿನಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದರು. ಪಟಾಕಿಯ ಹೋಮ್‌ವರ್ಕ್ ಮೆಟ್ಟಿಲ ಮೇಲೆ. ಯಾರಾದರೂ ಇಳಿದು ಬಂದರೆ ಪುಸ್ತಕ ಎತ್ತಿಕೊಂಡು ನಕ್ಕು ದಾರಿ ಬಿಡಬೇಕು. ಆ ನಗುವೇ ಅವಳಿಗೆ ಎಲ್ಲಕ್ಕಿಂತ ಕಷ್ಟ.

ಗೋಡೆಗಳು ತೆಳು. ಹಾಗಾಗಿ ಈ ಮನೆಯಲ್ಲಿ ಜಗಳಕ್ಕೂ ಒಂದು ವ್ಯವಸ್ಥೆ ಇತ್ತು. ಅಪ್ಪ ಅಮ್ಮನಿಗೆ ಜಗಳವಾಡಬೇಕು ಅನ್ನಿಸಿದರೆ ಇಬ್ಬರೂ ಹೊರಗೆ ನಿಂತ ವ್ಯಾನಿನಲ್ಲಿ ಕೂತು ಗಾಜು ಏರಿಸಿಕೊಳ್ಳುತ್ತಿದ್ದರು. ನೋಡುವವರಿಗೆ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಪಟಾಕಿಗೆ ಬೈಯಬೇಕಾದರೆ ಅಮ್ಮ ಮಿಕ್ಸರ್ ಹಾಕುತ್ತಿದ್ದಳು. ಜಾರಿನಲ್ಲಿ ಏನೂ ಇರುತ್ತಿರಲಿಲ್ಲ. ಮಹಡಿಯ ಗೆಸ್ಟ್‌ಗಳು ಒಳ್ಳೆ ಅಡುಗೆ ಆಗುತ್ತಿದೆ ಎಂದುಕೊಂಡು ಖುಷಿಪಡುತ್ತಿದ್ದರು. ಕೆಳಗೆ ಪಟಾಕಿ ಚೆನ್ನಾಗಿ ಬೈಸಿಕೊಳ್ಳುತ್ತಿದ್ದಳು.

ಅವತ್ತು ಸ್ಕೂಲಿನಲ್ಲೂ ಗ್ರಹಚಾರ ಸರಿ ಇರಲಿಲ್ಲ. ಲೇಟಾಗಿ ಹೋಗಿದ್ದಕ್ಕೆ ಟೀಚರ್ ಬಾಗಿಲ ಬಳಿ ನಿಲ್ಲಿಸಿದರು. ಪಕ್ಕದ ಬೆಂಚಿನವಳು ಪಟಾಕಿಯ ಕೂದಲು ಮುಟ್ಟಿ, ಅಂಟು ಹಾಕಿಕೊಂಡು ಬಂದಿದ್ದೀಯಾ ಎಂದು ಕೇಳಿದಳು. ಇಡೀ ಸಾಲು ನಕ್ಕಿತು. ಪಟಾಕಿ ಎಲ್ಲವನ್ನೂ ನುಂಗಿಕೊಂಡಳು. ನುಂಗಿದ್ದನ್ನೆಲ್ಲ ಸಂಜೆ ಎಲ್ಲಿ ಉಗುಳಬೇಕೆಂದು ಅವಳಿಗೆ ಗೊತ್ತಿತ್ತು.

ಅವಳಿಗೊಂದು ಜಾಗ ಇತ್ತು.

ಗೆಸ್ಟ್‌ಗಳೆಲ್ಲ ಅಪ್ಪನ ವ್ಯಾನ್ ಹತ್ತಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ. ಜನ ಇಲ್ಲದ ಜಾಗ ಯಾವುದಾದರೂ ಇದೆಯಾ, ಶಾಂತವಾಗಿರಬೇಕು, ಯಾರಿಗೂ ಗೊತ್ತಿರಬಾರದು. ವ್ಯಾನ್ ತುಂಬ ಜನ ಕೂತುಕೊಂಡು ಈ ಪ್ರಶ್ನೆ ಕೇಳುವುದು ನೋಡಿದರೆ ಪಟಾಕಿಗೆ ನಗು ಬರುತ್ತಿತ್ತು. ಹೋದ ವರ್ಷ ಅಪ್ಪ ಒಬ್ಬರಿಗೆ ಗಾಳಿಮರದ ತೋಪು ತೋರಿಸಿದ್ದ. ಅವರು ಫೋಟೋ ಹಾಕಿದರು. ಈಗ ಅಲ್ಲಿ ಐಸ್‌ಕ್ರೀಮ್ ಗಾಡಿ, ಬಲೂನಿನವನು, ಹಾಡು ಹಾಕುವ ದೊಡ್ಡ ಸ್ಪೀಕರ್. ಶಾಂತಿ ಹುಡುಕಿಕೊಂಡು ಬಂದವರೇ ಸಾಲಾಗಿ ನಿಂತು ಗಲಾಟೆ ಮಾಡುತ್ತಿದ್ದರು.

ಪಟಾಕಿಯ ಜಾಗ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಹಿಂದೆ ಕಾಂಪೌಂಡ್ ಗೋಡೆ ಒಂದು ಕಡೆ ಬಿರುಕು ಬಿಟ್ಟಿತ್ತು. ಅದರಲ್ಲಿ ನುಸುಳಿದರೆ ಕಪ್ಪು ಬಂಡೆಗಳು, ನಡುವೆ ಎರಡು ಚಾಪೆಯಷ್ಟು ಮರಳು. ನೆರಳಿಲ್ಲ, ಅಂಗಡಿ ಇಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಅಲೆಗಳು ಬಂಡೆಗೆ ಬಂದು ಧಡ್ ಧಡ್ ಎಂದು ಬಡಿಯುತ್ತಿದ್ದವು. ಅಲ್ಲಿ ನಿಂತು ಏನು ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ.

ಪಟಾಕಿ ಅಲ್ಲಿ ಕೂಗುತ್ತಿದ್ದಳು. ನನ್ನ ಟೇಬಲ್ ನನಗೆ ಬೇಕು ಎಂದು ಕೂಗುತ್ತಿದ್ದಳು. ಎರಡನೇ ರೂಮಿನ ಅಂಕಲ್‌ಗೆ ಬುದ್ಧಿ ಇಲ್ಲ ಎಂದು ಕೂಗುತ್ತಿದ್ದಳು. ಅಮ್ಮ ಕೆಟ್ಟವಳು ಎಂದೂ ಕೂಗಿದ್ದಳು, ಒಂದು ಸಲ ಅಲ್ಲ. ಗಂಟಲು ಕಟ್ಟುವವರೆಗೆ ಕೂಗಿದರೆ ಮನೆಗೆ ಹೋಗಿ ಮೆಟ್ಟಿಲ ಮೇಲೆ ನಗುವುದಕ್ಕೆ ಆಗುತ್ತಿತ್ತು.

ಅವತ್ತು ಗೋಡೆಯ ಬಿರುಕಿನಲ್ಲಿ ನುಸುಳುವಾಗಲೇ ಅವಳ ಬಾಯಲ್ಲಿ ಮೊದಲ ಕೂಗು ತಯಾರಾಗಿತ್ತು. ಆದರೆ ಅವಳು ಹತ್ತಿ ನಿಲ್ಲುವ ಬಂಡೆಯ ಮೇಲೆ ಯಾರೋ ಕೂತಿದ್ದರು. ಹಳದಿ ದುಪಟ್ಟಾ. ಚಪ್ಪಲಿ ಬಿಚ್ಚಿ ನೀಟಾಗಿ ಪಕ್ಕದಲ್ಲಿ ಇಟ್ಟಿದ್ದರು, ಸ್ವಂತ ಮನೆಯ ಹಾಗೆ.

ಮೂರನೇ ರೂಮಿನ ಆಂಟಿ.

ನೀರೆಲ್ಲ ಖಾಲಿ ಮಾಡಿದ್ದು ಸಾಲದೆ ಇಲ್ಲಿಗೂ ಬಂದಿದ್ದಾರೆ. ಪಟಾಕಿಯ ಕಿವಿ ಬಿಸಿಯಾಯಿತು.

"ಈ ಜಾಗ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದಳು. ನಮಸ್ಕಾರ ಇಲ್ಲ, ನಗು ಇಲ್ಲ.

ಆಂಟಿ ಬೆಚ್ಚಿ ತಿರುಗಿದರು. "ನಿಮ್ಮಮ್ಮ ಹೇಳಿದ್ರು. ಇಲ್ಲಿ ಯಾರೂ ಬರಲ್ಲ ಅಂದ್ರು."

ಅಮ್ಮ? ಅಡುಗೆಮನೆಯಿಂದ ಆಚೆಗೇ ಬಾರದ ಅಮ್ಮನಿಗೆ ಈ ಜಾಗ ಹೇಗೆ ಗೊತ್ತು? ಗೊತ್ತಿದ್ದರೂ ಕೊಟ್ಟುಬಿಡುವುದಾ? ಪಟಾಕಿಗೆ ಅಳು ಬಂತು. ಅಳು ಬಂದಿದ್ದಕ್ಕೆ ಇನ್ನೂ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಒಂದು ಸುಳ್ಳು ತಾನಾಗಿಯೇ ಬಾಯಿಂದ ಹೊರಟಿತು.

"ಅಮ್ಮನಿಗೆ ಗೊತ್ತಿಲ್ಲ. ಇಲ್ಲಿ ಇದ್ದಕ್ಕಿದ್ದ ಹಾಗೆ ನೀರು ಏರುತ್ತೆ. ಬಂಡೆಯೆಲ್ಲ ಮುಳುಗಿಹೋಗುತ್ತೆ. ಒಬ್ರನ್ನ ಎಳ್ಕೊಂಡೇ ಹೋಗಿತ್ತು."

ಆಂಟಿಯ ಮುಖ ಬಿಳಿಚಿಕೊಂಡಿತು. ಚಪ್ಪಲಿ ಕೈಯಲ್ಲಿ ಹಿಡಿದು ಗಡಿಬಿಡಿಯಿಂದ ಎದ್ದರು. ಕಾಲು ಜಾರಿತು, ಮೊಣಕಾಲು ಬಂಡೆಗೆ ತರಚಿತು. ಕುಂಟುತ್ತ ಗೋಡೆಯ ಬಿರುಕಿನಲ್ಲಿ ಹೊರಟುಹೋದರು.

ಪಟಾಕಿ ಬಂಡೆ ಹತ್ತಿ ಹೊಟ್ಟೆ ತುಂಬ ಕೂಗಿದಳು. ಅವತ್ತು ಕೂಗಿದ್ದೆಲ್ಲ ಅಮ್ಮನ ಮೇಲೇ.

ಮನೆಗೆ ಬಂದರೆ ಗಲಾಟೆ. ಟ್ಯಾಂಕ್ ಮತ್ತೆ ಖಾಲಿ. ಮೂರನೇ ರೂಮಿನ ನಲ್ಲಿ ಸುರಿಯುತ್ತಲೇ ಇತ್ತಂತೆ. ಮೈಯೆಲ್ಲ ಮರಳು ಮಾಡಿಕೊಂಡು ಬಂದ ಎರಡನೇ ರೂಮಿನ ಅಂಕಲ್ ಟವಲ್ ಸುತ್ತಿಕೊಂಡು ಅಪ್ಪನ ಮುಂದೆ ನಿಂತಿದ್ದರು. ಈಗಲೇ ಹೋಗಿ ಹೇಳುತ್ತೇನೆ ಎಂದು ಅಪ್ಪ ಮಹಡಿ ಹತ್ತಹೊರಟ. ಅಮ್ಮ ಅವನ ತೋಳು ಹಿಡಿದು ನಿಲ್ಲಿಸಿದಳು. ಆಮೇಲೆ ಪಟಾಕಿಯನ್ನು ನೋಡಿದಳು. ನೋಡಿ ನೇರ ಅಡುಗೆಮನೆಗೆ ಹೋದಳು.

ಮಿಕ್ಸರ್ ಗರ್ ಎಂದಿತು. ಪಟಾಕಿ ಹೋಗಿ ಮುಂದೆ ನಿಂತಳು.

"ಏನು ಹೇಳಿದೆ ಅವ್ರಿಗೆ? ಮೊಣಕಾಲು ತರಚಿಕೊಂಡು ಬಂದಿದ್ದಾರೆ. ನೀರು ಏರುತ್ತಾ ಅಲ್ಲಿ? ಯಾರನ್ನ ಎಳ್ಕೊಂಡು ಹೋಗಿದೆ?"

"ಅದು ನನ್ನ ಜಾಗ."

"ಸಮುದ್ರ ನಿಂದಾ?"

"ನನ್ ರೂಮ್ ಕೊಟ್ರಿ," ಎಂದಳು ಪಟಾಕಿ. ಮಿಕ್ಸರಿಗಿಂತ ಜೋರಾಗಿ ಹೇಳಿದಳು. "ಮಂಚ ಕೊಟ್ರಿ. ಟೇಬಲ್ ಕೊಟ್ರಿ. ನಾನೇನಾದ್ರೂ ಕೇಳಿದ್ನಾ? ಅದೊಂದೇ ಇತ್ತು ನಂಗೆ. ಅದನ್ನೂ ಗೆಸ್ಟಿಗೆ ಕೊಟ್ಟೆ."

ಅಮ್ಮ ಮಿಕ್ಸರ್ ಆಫ್ ಮಾಡಿದಳು. ಅಡುಗೆಮನೆ ಒಮ್ಮೆಲೇ ಖಾಲಿಯಾದ ಹಾಗಾಯಿತು. ಮಹಡಿಯ ಮೇಲೆ ಯಾರೋ ಕುರ್ಚಿ ಎಳೆದ ಸದ್ದು ಕೇಳಿಸಿತು.

"ನಿನ್ನ ಕೇಳಬೇಕಿತ್ತು," ಎಂದಳು ಅಮ್ಮ. "ಕೇಳಲಿಲ್ಲ. ಅದು ನನ್ನ ತಪ್ಪು."

ಆಮೇಲೆ ಮೆಲ್ಲಗೆ ಬೆಳಗಿನ ವಿಷಯ ಹೇಳಿದಳು.

ನಲ್ಲಿ ನಿಲ್ಲಿಸಿ ಎಂದು ಹೇಳಲು ಅಮ್ಮ ಬೆಳಿಗ್ಗೆಯೇ ಮಹಡಿ ಹತ್ತಿದ್ದಳಂತೆ. ಬಾಗಿಲ ಹತ್ತಿರ ಹೋದಾಗ ನೀರಿನ ಸದ್ದಿನ ಕೆಳಗೆ ಇನ್ನೊಂದು ಸದ್ದು ಕೇಳಿಸಿತಂತೆ. ಬಾಗಿಲು ತಟ್ಟಿ ವಿಚಾರಿಸಿದಾಗ ಗೊತ್ತಾಯಿತಂತೆ, ಆಂಟಿಯ ತಾಯಿ ಹೋದ ತಿಂಗಳು ತೀರಿಕೊಂಡಿದ್ದರು. ಮನೆ ತುಂಬ ನೆಂಟರು ಬಂದರು. ಬಂದವರಿಗೆಲ್ಲ ಟೀ ಮಾಡಿ, ಹಾಸಿಗೆ ಹಾಸಿ, ಹೋಗುವವರನ್ನು ಕಳಿಸಿಕೊಟ್ಟು, ಅಷ್ಟರಲ್ಲೇ ದಿನಗಳು ಕಳೆದುಹೋದವು. ಅಳುವುದಕ್ಕೆಂದೇ ಅವರು ಒಬ್ಬರೇ ಈ ಊರಿಗೆ ಬಂದಿದ್ದರು.

"ಇಲ್ಲಿ ನೋಡಿದ್ರೆ ಗೋಡೆ ತೆಳು," ಎಂದಳು ಅಮ್ಮ. "ಪಕ್ಕದ ರೂಮಿಗೆ ಕೇಳಿಸಬಾರ್ದು ಅಂತ ನಲ್ಲಿ ಬಿಟ್ಕೊಂಡು ಅಳ್ತಾರೆ."

"ಬೇರೆ ಜಾಗ ಹೇಳಬಹುದಿತ್ತು."

"ಬೇರೆ ಜಾಗ ಎಲ್ಲಿದೆ, ನೀನೇ ಹೇಳು."

ಪಟಾಕಿ ಯೋಚಿಸಿದಳು. ತೋಪಿನಲ್ಲಿ ಜನ. ದೀಪಸ್ತಂಭದ ಮೆಟ್ಟಿಲ ಮೇಲೂ ಜನ. ನಿಜಕ್ಕೂ ಎಲ್ಲೂ ಇರಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

"ನಿಂಗೆ ಹೇಗೆ ಗೊತ್ತಾಯ್ತು ಅದು?"

"ಮೊದಲನೇ ಸಲ ನೀನು ಆ ಕಡೆ ಹೋದಾಗ ಹಿಂದೆನೇ ಬಂದೆ. ಹುಡುಗಿ ಒಬ್ಬಳೇ ಎಲ್ಲಿ ಹೋಗ್ತಾಳೆ ಅಂತ ಭಯ. ಗೋಡೆ ಹತ್ರ ನಿಂತು ನೋಡಿ ವಾಪಸ್ ಬಂದೆ."

"ನಾನು ಕೂಗಿದ್ದು ಕೇಳಿಸ್ತಾ?"

"ಇಲ್ಲಪ್ಪ," ಎಂದಳು ಅಮ್ಮ. ತಿರುಗಿ ಸಿಂಕಿನ ಪಾತ್ರೆಗಳನ್ನು ಜೋಡಿಸತೊಡಗಿದಳು. "ಬರೀ ಅಲೆ ಸದ್ದು."

ಮರುದಿನ ಸ್ಕೂಲಿಗೆ ಹೊರಡುವ ಮುಂಚೆ ಪಟಾಕಿ ಮೂರನೇ ರೂಮಿನ ಬಾಗಿಲು ಬಡಿದಳು. ಆಂಟಿ ಬಾಗಿಲು ತೆರೆದರು. ಮೊಣಕಾಲಿಗೆ ಬ್ಯಾಂಡೇಜ್ ಇತ್ತು.

"ನೀರು ಏರಲ್ಲ. ನಾನು ಸುಳ್ಳು ಹೇಳಿದೆ," ಎಂದಳು ಪಟಾಕಿ, ಬ್ಯಾಂಡೇಜನ್ನೇ ನೋಡುತ್ತ. ಸಾರಿ ಎನ್ನಬೇಕೆಂದುಕೊಂಡಿದ್ದಳು. ಬದಲಿಗೆ, "ಎಡಗಡೆ ಬಂಡೆ ಹತ್ತಬೇಡಿ, ಪಾಚಿ ಇದೆ," ಎಂದು ಹೇಳಿ ದಡದಡ ಮೆಟ್ಟಿಲಿಳಿದಳು.

ಆಂಟಿ ಮೂರು ದಿನ ಅಲ್ಲಿಗೆ ಹೋದರು. ಟ್ಯಾಂಕಿನಲ್ಲಿ ನೀರು ನಿಂತಿತು. ಆಮೇಲೆ ಅವರು ತಮ್ಮ ಊರಿಗೆ ಹೋದರು. ಹೋಗುವಾಗ ಪಟಾಕಿಯ ತಲೆ ಸವರಿದರು. ಪಟಾಕಿ ತಲೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಮೂರನೇ ರೂಮಿಗೆ ಅವತ್ತೇ ಹೊಸ ಗೆಸ್ಟ್ ಬಂದರು. ಭಾನುವಾರ ಮಧ್ಯಾಹ್ನ ಅವರು ಬೆಡ್‌ಶೀಟ್ ಬದಲಾಯಿಸಿ ಎಂದು ಎರಡನೇ ಸಲ ಕರೆದರು. ಅಮ್ಮ ಹತ್ತಿ ಹೋದಳು, ನಕ್ಕಳು, ಇಳಿದು ಬಂದಳು. ಪಟಾಕಿ ಮೆಟ್ಟಿಲ ಮೇಲೆ ಲೆಕ್ಕ ಮಾಡುತ್ತ ಕೂತಿದ್ದಳು. ಅಡುಗೆಮನೆಯಲ್ಲಿ ಮಿಕ್ಸರ್ ಗರ್ ಎಂದಿತು.

ಪಟಾಕಿ ತಲೆಯೆತ್ತಿದಳು. ಅಪ್ಪ ವ್ಯಾನ್ ತೊಳೆಯುತ್ತಿದ್ದ. ತಾನು ಇಲ್ಲಿದ್ದೇನೆ. ಹಾಗಾದರೆ ಅಮ್ಮ ಒಳಗೆ ಬೈಯುತ್ತಿರುವುದು ಯಾರಿಗೆ?

ಅವಳು ಪುಸ್ತಕ ಮುಚ್ಚಿ ಒಳಗೆ ಹೋದಳು. ಜಾರು ಖಾಲಿ ಇತ್ತು. ಅಮ್ಮ ಕಟ್ಟೆಗೆ ಎರಡೂ ಕೈ ಊರಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಪಟಾಕಿ ಮಿಕ್ಸರ್ ಆಫ್ ಮಾಡಿದಳು.

"ಚಪ್ಪಲಿ ಹಾಕ್ಕೋ," ಎಂದಳು. "ಬಾ ನನ್ ಜೊತೆ."

ಅಮ್ಮ ಮೊದಲು ಒಪ್ಪಲಿಲ್ಲ. ಕೆಲಸ ಬಿದ್ದಿದೆ, ಗೆಸ್ಟ್ ಕರೆದರೆ ಯಾರು ನೋಡುತ್ತಾರೆ ಎಂದಳು. ಅಪ್ಪ ನೋಡ್ತಾನೆ ಎಂದು ಪಟಾಕಿ ಅವಳ ಕೈ ಬಿಡದೆ ಎಳೆದಳು. ಅಪ್ಪ ಒದ್ದೆ ಬಟ್ಟೆ ಹಿಡಿದುಕೊಂಡು ಇಬ್ಬರನ್ನೂ ನೋಡುತ್ತ ನಿಂತ.

ಐಸ್ ಫ್ಯಾಕ್ಟರಿಯ ಗೋಡೆಯ ಹತ್ತಿರ ಪಟಾಕಿ ನಿಂತಳು. "ನೀನು ಹೋಗು. ನಾನು ಇಲ್ಲೇ ಇರ್ತೀನಿ." ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿರುಕಿನಲ್ಲಿ ನುಸುಳಿದಳು.

ಪಟಾಕಿ ಗೋಡೆಗೆ ಬೆನ್ನು ಕೊಟ್ಟು ಕೂತಳು. ತುಂಬ ಹೊತ್ತು ಅಲೆ ಮಾತ್ರ ಬಡಿಯುತ್ತಿತ್ತು. ಆಮೇಲೆ ಅಮ್ಮನ ಕೂಗು ಬಂತು.

ಎರಡು ಹೆಜ್ಜೆ ಆಚೆ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಬಂಡೆಗೆ ತಾಗಿದ ದನಿ ನೇರವಾಗಿ ಗೋಡೆಯ ಬಿರುಕಿಗೇ ಬರುತ್ತಿತ್ತು. ಆ ಕೂಗಿನಲ್ಲಿ ಬೆಡ್‌ಶೀಟ್ ಬಂತು, ಮೂರನೇ ರೂಮು ಬಂತು, ಅಪ್ಪ ಬಂದ, ಸ್ಟೋರ್ ರೂಮಿನ ಚಾಪೆ ಬಂತು, ನೋಯುವ ಸೊಂಟ ಬಂತು. ನನ್ನ ಮಗು ಮೆಟ್ಟಿಲ ಮೇಲೆ ಓದುತ್ತೆ ಎಂದು ಅಮ್ಮ ಕೂಗಿದಳು. ಅದನ್ನೇ ಮತ್ತೆ ಮತ್ತೆ ಕೂಗಿದಳು.

ಪಟಾಕಿ ಮೊಣಕಾಲಿಗೆ ಮುಖ ಒತ್ತಿಕೊಂಡಳು. ಇದೇ ಗೋಡೆಯ ಹತ್ತಿರ ಅಮ್ಮ ನಿಂತಿದ್ದಳು. ಒಂದೊಂದು ಮಾತೂ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು ಮನೆಗೆ ಹೋಗಿ ರಾತ್ರಿ ತನಗೆ ಊಟ ಬಡಿಸಿದ್ದಳು.

ಅಮ್ಮ ಹೊರಗೆ ಬಂದಾಗ ಕೂದಲೆಲ್ಲ ಕೆದರಿತ್ತು, ದನಿ ಕಟ್ಟಿಹೋಗಿತ್ತು. ಸೆರಗು ಸರಿಮಾಡಿಕೊಳ್ಳುತ್ತ, ಬೇರೆ ಕಡೆ ನೋಡುತ್ತ ಕೇಳಿದಳು.

"ಏನಾದ್ರೂ ಕೇಳಿಸ್ತಾ?"

ಪಟಾಕಿ ಎದ್ದು ಲಂಗದ ಮರಳು ಕೊಡವಿದಳು.

"ಇಲ್ಲಮ್ಮ," ಎಂದಳು. "ಬರೀ ಅಲೆ ಸದ್ದು."